ಹಸಿರು ದೀಪದ ಅಧ್ಯಕ್ಷರು

ಸರ್ಕಾರ ಎಲ್ಲರ ಮಣಿಕಟ್ಟಿಗೂ ಒಂದು ಹಸಿರು ದೀಪ ಕಟ್ಟಿದೆ; ಭಾವನೆಗೆ ನಿಜಕ್ಕೂ ಧಕ್ಕೆಯಾದರೆ ಅದು ಕೆಂಪಾಗುತ್ತದೆ. ಕೆಂಪಾಗದೆ ಪೊಲೀಸರು ದೂರು ಬರೆದುಕೊಳ್ಳುವುದಿಲ್ಲ.

ರ‍್ಯಾಪ್ ಗಾಯಕ 'ಗುಡುಗು' ಮಾರಾಟಕ್ಕಿಟ್ಟ ಟೀಶರ್ಟಿನಲ್ಲಿ ಗಣಪ ಕೂಲಿಂಗ್ ಗ್ಲಾಸ್ ಹಾಕಿ ಗಿಟಾರ್ ಬಾರಿಸುತ್ತಿದ್ದ. ವಿನಾಯಕ ಮಂಡಳಿ ಅಧ್ಯಕ್ಷ ಪುಟ್ಟಮಾದಪ್ಪ ಅಂಗಡಿಯೆದುರು ನಿಂತು ಅದನ್ನೇ ದುರುಗುಟ್ಟಿ ನೋಡಿದರು. ಹಿಂದಿದ್ದವರು ಧಿಕ್ಕಾರ ಕೂಗಿದರು. ಅಧ್ಯಕ್ಷರ ದೀಪ ಮಾತ್ರ ಹಸಿರಾಗಿಯೇ ಇತ್ತು.

"ಹೆಂಗ್ ಕೆಂಪಾಗುತ್ತೆ ಸಾರ್? ಹೋದ್ ವರ್ಷ ನಿಮ್ ಪೆಂಡಾಲಲ್ಲೇ ಗಣಪ ಬೈಕ್ ಓಡಿಸ್ತಿದ್ದ," ಎಂದರು ಕಾನ್‌ಸ್ಟೇಬಲ್ ಗಂಗಾಂಬಿಕೆ.

ಅಧ್ಯಕ್ಷರು ಅತ್ತಿತ್ತ ನೋಡಿ ಅಂಗಡಿಯವಳಿಗೆ ಪಿಸುಗುಟ್ಟಿದರು: "ನನ್ ಸೈಜ್‌ದೊಂದು ಕಟ್ಟಿಡಮ್ಮ."

"ಮುಗಿದೋಯ್ತು ಸಾರ್. ಕೊನೇದನ್ನ ಎದುರು ಬೀದಿ ಮಂಡಳಿ ಅಧ್ಯಕ್ಷರು ತಗೊಂಡೋದ್ರು."

ದೀಪ ಕೆಂಡದಂತೆ ಉರಿಯಿತು. ಗಂಗಾಂಬಿಕೆ ಪೆನ್ನು ತೆಗೆದರು.

"ಧಾರ್ಮಿಕ ಭಾವನೆ ಅಂತಲೇ ಬರೀಲಾ ಸಾರ್?"