ಒಂದೇ ಹೆಸರಿನ ಕಡತಗಳು

ಟೀಚರನ್ನು ಟೈಪಿಸ್ಟ್ ಅರ್ಧ ಗಂಟೆಯಿಂದ ಬೇಕೆಂದೇ ನಿಲ್ಲಿಸಿದ್ದಳು. ಎದುರಿನ ಕುರ್ಚಿ ಖಾಲಿ ಇತ್ತು. ಕೂರಿ ಅನ್ನಲಿಲ್ಲ.

ಮೇಜಿನ ಮೇಲೆ ಟೀಚರ ನಿವೃತ್ತಿಯ ಕಡತ. ‘ಸರಿಯಿದೆ’ ಎಂದು ಬರೆದು ಸಾಹೇಬರಿಗೆ ಕಳಿಸಿದರೆ ನಾಳೆ ಶಾಲೆಯಲ್ಲಿ ಬೀಳ್ಕೊಡುಗೆ. ಬರೆಯದಿದ್ದರೆ ಮೂವತ್ತೊಂದು ವರ್ಷದ ನೌಕರಿಯೇ ಸುಳ್ಳು. ಆಮೇಲೆ ಪೊಲೀಸರು.

ಊರಿನ ಸರ್ಕಾರಿ ನೌಕರರ ಕಡತಗಳೆಲ್ಲ ಈ ಕಚೇರಿಗೇ ಬರಬೇಕು; ಪರಿಶೀಲಿಸಿ ಟಿಪ್ಪಣಿ ಬರೆಯುವುದೂ ಟೈಪಿಸ್ಟಳ ಪಾಲಿನ ಕೆಲಸ. ಟೀಚರ ಹೆಸರಿನವರು ಒಬ್ಬಿಬ್ಬರಲ್ಲ. ಹೆಸರು ಹಿಡಿದು ಕೂಗಿದರೆ ನಾಲ್ಕು ಜನ ಓಗೊಡುತ್ತಾರೆಂದು ನರ್ಸ್, ಮಾಲಿ, ಡ್ರೈವರ್ ಎಂದು ಕೆಲಸದಿಂದಲೇ ಕರೆಯುವುದು ರೂಢಿ. ಟೈಪಿಸ್ಟಳದೂ ಅದೇ ಹೆಸರು. “ಎರಡೇ ಬೆರಳಲ್ಲಿ ಕುಟ್ಟೋ ನಿಮ್ಮನ್ನ ಯಾವ ಪುಣ್ಯಾತ್ಮ ಪಾಸ್ ಮಾಡಿದ್ನಮ್ಮಾ?” ಎಂದು ಸಾಹೇಬರು ರೇಗಿಸಿದಾಗ ಎಲ್ಲರ ಜೊತೆ ಅವಳೂ ನಗುತ್ತಿದ್ದಳು.

ಆದರೆ ತನ್ನ ಹೆಸರಿನ ಕಡತ ಬಂತೆಂದರೆ ನಗು ಮಾಯ. ನರ್ಸಿನದು ಬಂತು; ಅಲ್ಲ. ಮಾಲಿಯದು ಬಂತು; ಅದೂ ಅಲ್ಲ. ಕಳೆದ ಸೋಮವಾರ ಟೀಚರ ಕಡತ ಬಿಚ್ಚಿದಾಗ ಮೊದಲ ಹಾಳೆಯಲ್ಲೇ ಕಣ್ಣು ನೆಟ್ಟಿತು. ಟೀಚರ್ ಕೆಲಸಕ್ಕೆ ಹಾಕಿದ ಅರ್ಜಿ. ಅಕ್ಷರ ಟೈಪಿಸ್ಟಳದೇ.

ಮೂವತ್ತೊಂದು ವರ್ಷದ ಹಿಂದೆ, ಆ ಬೇಸಿಗೆಯಿಡೀ ಅವಳು ಗೇಟಿಗೆ ಒರಗಿ ನೇಮಕದ ಪತ್ರಕ್ಕೆ ಕಾದಿದ್ದಳು. “ಇವತ್ತೂ ಬರಲಿಲ್ವೇನೇ?” ಎಂದು ಕೇಳಿ ಕೇಳಿ ಅಮ್ಮ ಕೊನೆಗೆ ಕೇಳುವುದನ್ನೇ ಬಿಟ್ಟಳು. ಬೀದಿಗೆ ಹೊಸ ಪೋಸ್ಟ್‌ಮ್ಯಾನ್ ಬಂದಿದ್ದ. ಎದುರು ಮನೆಯ ಬಾಡಿಗೆಯವರ ಮಗಳಿಗೂ ಇವಳದೇ ಹೆಸರು. ಅವರು ರಾತ್ರೋರಾತ್ರಿ ಮನೆ ಖಾಲಿ ಮಾಡಿದಾಗಲೇ ಇವಳಿಗೆ ಎಲ್ಲ ಅರ್ಥವಾಗಿತ್ತು. ದೂರು ಕೊಡಲಿಲ್ಲ. ಅಷ್ಟರಲ್ಲಿ ಈ ಕುರ್ಚಿ ಸಿಕ್ಕಿತ್ತು. ಹೊಟ್ಟೆಯೊಳಗಿನ ಉರಿ ಮಾತ್ರ ಒಂದು ದಿನವೂ ಆರಲಿಲ್ಲ.

“ಈ ಅರ್ಜಿ ಬರೆದಿದ್ದು ಯಾರು?”

“ನಾನೇ ಮೇಡಂ.”

“ಹಾಗಾದ್ರೆ ಇಲ್ಲಿ ನಾಲ್ಕು ಸಾಲು ಬರೀರಿ. ಅಕ್ಷರ ತಾಳೆ ನೋಡ್ಬೇಕು.”

ಟೀಚರ್ ಪೆನ್ನು ಮುಟ್ಟಲಿಲ್ಲ. ಮೊದಲ ಸಲ ಟೈಪಿಸ್ಟಳ ಮುಖವನ್ನು ದಿಟ್ಟಿಸಿ ನೋಡಿದಳು.

“ನೀವು... ಹಸಿರು ಗೇಟಿನ ಮನೆಯವರಾ?”

“ಹೌದು. ಅಂತೂ ನೆನಪಾಯ್ತಲ್ಲ.”

ಟೀಚರ್ ತಾನಾಗಿಯೇ ಕುರ್ಚಿ ಎಳೆದು ಕೂತಳು. “ಪತ್ರ ನಮ್ಮನೆಗೆ ಬಂತು. ಅಪ್ಪ ಹೋಗು ಅಂದ್ರು. ಹೋದೆ.” ಮೇಜಿನ ಮೇಲಿನ ಟೈಪ್ ಮಷೀನನ್ನು ನೋಡಿ ಕೇಳಿದಳು, “ನೀವು ಇಲ್ಲಿ ಎಷ್ಟು ವರ್ಷದಿಂದ?”

“ಮೂವತ್ತೊಂದು.”

“ಮೊದಲಿಂದಲೂ ಟೈಪಿಸ್ಟೇ?”

“ಅದೆಲ್ಲ ನಿಮಗ್ಯಾಕೆ? ಕಾಲು ಹಿಡಿದ್ರೂ ನಾನು ಬಿಡಲ್ಲ.”

“ಬಿಡಬೇಡಿ. ಬರೀರಿ.”

ಈ ಸೊಕ್ಕು ಟೈಪಿಸ್ಟಳನ್ನು ಇನ್ನಷ್ಟು ಕೆರಳಿಸಿತು. ಕೆಂಪು ಶಾಯಿಯಲ್ಲಿ ಬರೆದಳು: ‘ಬೇರೊಬ್ಬರ ನೇಮಕ ಪತ್ರ ಕದ್ದು ಸೇರಿದವರು. ಇದೇ ಹೆಸರಿನ ಎಲ್ಲ ನೌಕರರ ಕಡತಗಳನ್ನೂ ತನಿಖೆ ಮಾಡುವುದು.’ ಎರಡನೆಯ ವಾಕ್ಯ ಇಂಥ ಪ್ರಕರಣಕ್ಕೆಲ್ಲ ಬರೆಯಲೇಬೇಕಾದದ್ದು. ಕೈ ರೂಢಿಯಲ್ಲಿ ಬರೆದುಬಿಟ್ಟಿತು. ಮೊಹರು ಬಿತ್ತು. ಜವಾನ ಕಡತವನ್ನು ಸಾಹೇಬರ ಕೋಣೆಗೆ ಒಯ್ದ. ಟೈಪಿಸ್ಟಳ ಹೊಟ್ಟೆ ತಣ್ಣಗಾಯಿತು. ಇನ್ನು ಇವಳು ಅಳುವುದನ್ನು ನೋಡಬೇಕು.

ಟೀಚರ್ ಅಳಲಿಲ್ಲ. ಟೈಪ್ ಮಷೀನನ್ನು ತನ್ನತ್ತ ತಿರುಗಿಸಿಕೊಂಡಳು. ಕೀಲಿಗಳ ಕಡೆ ನೋಡದೆ, ಹತ್ತೂ ಬೆರಳು ಆಡಿಸಿ, ತನ್ನ ತಪ್ಪೊಪ್ಪಿಗೆಯನ್ನು ಪಟಪಟನೆ ಹೊಡೆದು ಮುಗಿಸಿದಳು. ಒಂದು ಅಕ್ಷರವೂ ತಪ್ಪಿರಲಿಲ್ಲ.

“ಆ ಬೇಸಿಗೆ ನಾನೂ ಒಂದು ಪತ್ರಕ್ಕೆ ಕಾದಿದ್ದೆ ಕಣೇ,” ಎಂದಳು ಹಾಳೆಯನ್ನು ಅವಳ ಮುಂದಿಡುತ್ತಾ. “ಹೋಗು, ನಿನ್ನ ಕಡತ ತೆಗೆಸು, ಟೈಪಿಸ್ಟ್ ಕೆಲಸಕ್ಕೆ ಹಾಕಿದ ಆ ಅರ್ಜಿ ನನ್ನದು.”