ಮೂರು ರಾತ್ರಿಯ ಅರ್ಜಿ

ದೊಡ್ಡ ಟೆಲಿಸ್ಕೋಪನ್ನು ಯಾರಿಗೆ ಎಷ್ಟು ರಾತ್ರಿ ಬಿಟ್ಟುಕೊಡಬೇಕೆಂದು ತೀರ್ಮಾನಿಸಲು ಸಮಿತಿ ಬೆಳಗ್ಗೆಯಿಂದ ಕೂತಿತ್ತು. ಸದಸ್ಯರಿಗೆ ಕೊಟ್ಟ ಅರ್ಜಿಯ ಪ್ರತಿಗಳಲ್ಲಿ ಹೆಸರು, ಸಹಿ ಇರಲಿಲ್ಲ. ಹೆಸರಿನ ಪಟ್ಟಿ ಅಧ್ಯಕ್ಷೆಯ ಬಳಿ ಮಾತ್ರ ಇತ್ತು. ತಮ್ಮ ಅರ್ಜಿ ಬಂದಾಗ ಸದಸ್ಯರು ತಾವಾಗಿಯೇ ಎದ್ದು ಹೊರಗೆ ಹೋಗಬೇಕು.

ಸದಸ್ಯರಲ್ಲೊಬ್ಬರಾದ ಹಿರಿಯ ಪ್ರೊಫೆಸರರದೂ ಒಂದಿತ್ತು. ಶಿಷ್ಯೆ ಬರೆದು ತಂದದ್ದಕ್ಕೆ ಕಾರು ಹತ್ತುವ ಅವಸರದಲ್ಲಿ ಓದದೆಯೇ ಸಹಿ ಗೀಚಿದ್ದರು. ಅದು ಬಂದಾಗ ಕಾಫಿಗೆ ಹೋಗೋಣವೆಂದು ಕಾಯುತ್ತಿದ್ದರು.

"ಇದು ಮುಂದಿನದು. ಹುಟ್ತಾ ಇರೋ ನಕ್ಷತ್ರಗಳ ಬೆಳಕು ಯಾಕೆ ಏರಿಳಿಯುತ್ತೆ ಅಂತ," ಎಂದರು ಅಧ್ಯಕ್ಷೆ. "ಯಾರಾದ್ರೂ ಹೊರಗೆ ಹೋಗೋರಿದೀರಾ?"

ಯಾರೂ ಏಳಲಿಲ್ಲ. ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿ, ಇನ್ನೊಮ್ಮೆ ಕೇಳಿದರು.

"ಇದನ್ನ ಬರೆದೋರಿಗೆ ನಕ್ಷತ್ರದ ಗಂಧಗಾಳಿನೂ ಇಲ್ಲ ಮೇಡಂ," ಎಂದು ಪ್ರೊಫೆಸರರು ಶುರು ಮಾಡಿದರು. ಪುಟಪುಟಕ್ಕೂ ತಪ್ಪು ಹೆಕ್ಕಿ ತೋರಿಸಿದರು. "ಮೂರು ರಾತ್ರಿ ಕೇಳಿದಾರೆ. ಮೂರು ನಿಮಿಷ ಕೊಟ್ರೂ ದಂಡ."

ಅರ್ಜಿ ಬಿದ್ದುಹೋಯಿತು. ಅಧ್ಯಕ್ಷೆ ಫೈಲು ಕಟ್ಟತೊಡಗಿದಾಗ ಪ್ರೊಫೆಸರರು ಗಡಿಯಾರ ನೋಡಿಕೊಂಡರು.

"ಮೇಡಂ, ಎಲ್ಲಾ ಮುಗೀತಾ? ನಂದು ಬರಲೇ ಇಲ್ವಲ್ಲ."

"ಬಂದಿತ್ತು ಸರ್. ಈಗ ತಾನೇ ಜನ್ಮ ಜಾಲಾಡಿದ್ರಲ್ಲ, ಅದೇ."