ಮೂರು ಕುರ್ಚಿ, ಮೂರು ಶಾಲು

“ನಮ್ಮ ವಿಭಾಗದ ಗಲಾಟೆ ತಾಳಲಾರದೆ ಪಕ್ಕದ ಕಟ್ಟಡ ಎರಡಡಿ ಆಚೆ ಸರಿದು ಕೂತಿದೆ. ಇಲ್ಲಿ ಬಂದು ಕುರ್ಚಿ ಕೇಳ್ತೀರಲ್ಲ ಮೇಡಂ!” ವಿಶ್ವವಿದ್ಯಾಲಯದ ಮಹಿಳಾ ಅಧ್ಯಯನ ವಿಭಾಗದ ಗುಮಾಸ್ತೆ ಬಾಗಿಲಿಗೆ ಅಡ್ಡ ನಿಂತು ಕೊಚ್ಚಿಕೊಂಡಳು. ವಿಚಾರ ಸಂಕಿರಣಕ್ಕೆ ಕುರ್ಚಿ ಎರವಲು ಕೇಳಲು ಬಂದಿದ್ದ ಇತಿಹಾಸ ವಿಭಾಗದ ಹೊಸ ಉಪನ್ಯಾಸಕಿ ಅವಳ ಭುಜದ ಮೇಲಿಂದ ಇಣುಕಿದಳು. ಗುಮಾಸ್ತೆಯ ಮೇಜಿನೆದುರು ಮೂರು ಕುರ್ಚಿ, ಒಂದೊಂದರ ಬೆನ್ನಿಗೂ ಒಂದೊಂದು ಶಾಲು.

“ಯಾರೂ ಕಾಣ್ತಿಲ್ವಲ್ಲ ಅಕ್ಕಾ?”

“ಈಗಷ್ಟೇ ಎದ್ದು ಹೋದ್ರು! ನಮ್ಮ ದೊಡ್ಡ ಮೇಡಂ ಪಾಠ ಅಂದ್ರೆ ಜಾಗ ಸಾಲದೆ ಮಕ್ಕಳು ಮರ ಹತ್ತಿ ಬರ್ಕೋತಾರೆ. ಚಿಕ್ಕ ಮೇಡಂ ವಾದಕ್ಕಿಳಿದ್ರೆ ಕುಲಪತಿಗಳೇ ಕುಡಿಯೋಕೆ ನೀರು ಕೇಳ್ತಾರೆ.” ಗುಮಾಸ್ತೆಯ ನಾಲಿಗೆ ಓಡತೊಡಗಿದರೆ ಹಿಂದೆ ಹತ್ತು ಕುದುರೆ ಬಿಟ್ಟರೂ ಕೈಗೆ ಸಿಗುವಂಥದ್ದಲ್ಲ.

ಉಪನ್ಯಾಸಕಿ ಮೆಲ್ಲಗೆ ಒಳಬಂದು ನೀಲಿ ಶಾಲನ್ನು ಮುಟ್ಟಿದಳು. “ನಿನ್ನೆ ಬಸ್ಸಲ್ಲಿ ಇದನ್ನ ನೀವೇ ಹೊದ್ದಿದ್ರಿ ಅಕ್ಕಾ. ಮೊನ್ನೆ ಆ ಹಸಿರನ್ನ.”

ಹತ್ತು ಕುದುರೆಗೆ ಸಿಗದ ನಾಲಿಗೆ ಅಲ್ಲೇ ನಿಂತಿತು. ಗುಮಾಸ್ತೆ ಶಾಲಿನ ಅಂಚನ್ನು ಸರಿಮಾಡಿದಳು, ಸರಿಯಾಗಿಯೇ ಇದ್ದುದನ್ನು ಮತ್ತೆ ಸರಿಮಾಡಿದಳು.

“ಮೂರೂ ನನ್ನವೇ ಕಣಮ್ಮ. ದೊಡ್ಡ ಮೇಡಂ ನಿವೃತ್ತರಾದ್ರು. ಉಳಿದಿಬ್ಬರು ಬೇರೆ ಕಡೆ ಕೆಲಸ ಹಿಡಿದು ಹೋದ್ರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಖಾಲಿ ಅಂತ ಗೊತ್ತಾದ್ರೆ ಮೇಲಿನವರು ಕೊಠಡೀನೂ ಕಿತ್ಕೋತಾರೆ, ಅದಕ್ಕೇ...” ಅವಳೇ ತಲೆ ಅಡ್ಡಡ್ಡ ಆಡಿಸಿದಳು. “ಅದೂ ಸುಳ್ಳು. ಸಂಬಳ ಕೊಡೋರಿಗೆ ಗೊತ್ತಿರಲ್ವಾ? ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಎದುರಿಗೆ ಬರೀ ಕುರ್ಚಿ ಇದ್ರೆ, ನನಗೆ ತುತ್ತು ಇಳಿಯಲ್ಲ.”